ಒಂದಕ್ಕೆ ಎಷ್ಟು? ಇಳಿಜಾರು ಮತ್ತು ಸರಳರೇಖೆಯ ಸುತ್ತಲಿನ ತಪ್ಪು ಕಲ್ಪನೆಗಳು

ಎಸ್ಸೆಸ್ಸೆಲ್ಸಿಗೆ ಬಂದ ಹೆಚ್ಚಿನ ಮಕ್ಕಳಿಗೆ ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು, ಅವು ಸಂಧಿಸುವ ಬಿಂದುವನ್ನು ಗುರುತಿಸಲು ಬರುತ್ತದೆ. ಎಕ್ಸ್‌ಗೆ 0, 1, 2 ಎಂದು ಬೆಲೆ ಕೊಡುವುದು, ವೈ ಕಂಡುಕೊಂಡು ಕೋಷ್ಟಕ ತುಂಬುವುದು, ಬಿಂದು ಇಟ್ಟು ಸ್ಕೇಲಿನಿಂದ ಗೆರೆ ಹೊಡೆಯುವುದು, ಹಾಳೆಯ ಮೂಲೆಯಲ್ಲಿ ಪ್ರಮಾಣ ಬರೆಯುವುದು. ಇಷ್ಟನ್ನೂ ಕೈ ತಾನಾಗಿ ಮಾಡಿ ಮುಗಿಸುತ್ತದೆ. ಅಂಥ ಒಬ್ಬ ಹುಡುಗಿಯ ಮುಂದೆ ಅವಳು ಬರೆದ ಹಾಳೆಯನ್ನೇ ಇಟ್ಟು, "ಈ ಎರಡರಲ್ಲಿ ಯಾವುದು ಬೇಗ ಏರುತ್ತಿದೆ? ಎಷ್ಟು ಬೇಗ?" ಎಂದು ಕೇಳಿ. ಗೆರೆಗಳನ್ನು ದಿಟ್ಟಿಸುತ್ತಾಳೆ, ಮೇಷ್ಟ್ರ ಮುಖ ನೋಡುತ್ತಾಳೆ, "ಇದು ಮೇಲಿದೆಯಲ್ಲ ಸರ್, ಇದೇ ಇರಬೇಕು" ಎನ್ನುತ್ತಾಳೆ.

ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ನಮ್ಮ ಪ್ರೌಢಶಾಲೆಗಳು ವರ್ಷಗಳಿಂದ ಬಳಸುತ್ತ ಬಂದಿರುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳಲ್ಲಿ ಎಂಟನೆಯ ತರಗತಿಗೆ ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣ, ಒಂಬತ್ತಕ್ಕೆ ಎರಡು ಚರಾಕ್ಷರ, ಹತ್ತಕ್ಕೆ ಸಮೀಕರಣಗಳ ಜೋಡಿ. 'ಇಳಿಜಾರು' ಎಂಬುದು ವಿಧಿವತ್ತಾಗಿ ಕಾಲಿಡುವುದು ಪ್ರಥಮ ಪಿಯುಸಿಯ 'ಸರಳ ರೇಖೆಗಳು' ಅಧ್ಯಾಯದಲ್ಲಿ. ಅಷ್ಟರೊಳಗೆ ಒಂಬತ್ತನೆಯ ತರಗತಿಯ ವಿಜ್ಞಾನದ ಮೇಷ್ಟ್ರು ಚಲನೆಯ ಪಾಠದಲ್ಲಿ ದೂರ–ಕಾಲ ನಕ್ಷೆ ಬರೆಸಿ, ಆ ಗೆರೆಯ ಇಳಿಜಾರೇ ವೇಗ ಎಂದು ಹೇಳಿ ಮುಂದೆ ಹೋಗಿರುತ್ತಾರೆ. ಒಂದೇ ಮಗು, ಒಂದೇ ವರ್ಷ, ಒಂದೇ ಗೆರೆ. ಗಣಿತದ ಪೀರಿಯಡ್ಡಿನಲ್ಲಿ ಅದಕ್ಕೆ ಇಳಿಜಾರಿಲ್ಲ, ವಿಜ್ಞಾನದ ಪೀರಿಯಡ್ಡಿನಲ್ಲಿ ಇದೆ. ಹೀಗೆ ಬಿಟ್ಟುಹೋದ ಜಾಗದಲ್ಲಿ ಮಕ್ಕಳು ತಮ್ಮದೇ ಊಹೆಗಳನ್ನು ತುಂಬಿಕೊಳ್ಳುತ್ತಾರೆ. ಆ ಊಹೆಗಳು ಮೂರ್ಖತನದವಲ್ಲ, ಒಂದೊಂದಕ್ಕೂ ಅದರದೇ ತರ್ಕವಿದೆ. ಆ ತರ್ಕ ಹಿಡಿದು ತಿದ್ದಿದರೆ ಮಾತ್ರ ಅವು ಸರಿಹೋಗುತ್ತವೆ.

ಇಳಿಜಾರು ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಎಕ್ಸ್ ಒಂದು ಹೆಚ್ಚಿದರೆ ವೈ ಎಷ್ಟು ಬದಲಾಗುತ್ತದೆ? ಅಷ್ಟೇ ಇಳಿಜಾರು. ಸಂತೆಯಲ್ಲಿ "ಕೆಜಿಗೆ ಎಷ್ಟು?" ಎಂದು ಕೇಳುವವರೆಲ್ಲ ಕೇಳುವುದು ಇದನ್ನೇ. ಈ 'ಒಂದಕ್ಕೆ ಎಷ್ಟು' ಎಂಬ ಪ್ರಶ್ನೆಯನ್ನು ಮೊದಲ ದಿನದಿಂದ ಕೈಬಿಡದೆ ಹಿಡಿದರೆ ಮುಂದೆ ಹೇಳುವ ತಪ್ಪು ಕಲ್ಪನೆಗಳಲ್ಲಿ ಬಹಳಷ್ಟು ಬೇರು ಬಿಡುವುದೇ ಇಲ್ಲ ಎಂಬುದು ನನ್ನ ದೃಢ ನಂಬಿಕೆ.

"ಇಳಿಜಾರು ಎಂದರೆ ಒಂದು ಸೂತ್ರ"

ಸೂತ್ರ ಎಲ್ಲರ ಬಾಯಲ್ಲೂ ಇದೆ: ಎರಡು ಬಿಂದುಗಳ ವೈ ಬೆಲೆಗಳ ವ್ಯತ್ಯಾಸವನ್ನು ಎಕ್ಸ್ ಬೆಲೆಗಳ ವ್ಯತ್ಯಾಸದಿಂದ ಭಾಗಿಸು. ಸೂತ್ರದಲ್ಲಿ ದೋಷವಿಲ್ಲ. ಆದರೆ ಸೂತ್ರದಿಂದಲೇ ಶುರುವಾದ ತರಗತಿಯಲ್ಲಿ ಒಂದು ಪ್ರಶ್ನೆ ಏಳುವುದೇ ಇಲ್ಲ. ಯಾವ ಎರಡು ಬಿಂದು? ಗೆರೆಯ ಮೇಲೆ ಲೆಕ್ಕವಿಲ್ಲದಷ್ಟು ಬಿಂದುಗಳಿವೆ. ಮೊದಲ ಬೆಂಚಿನವಳು ಒಂದು ಜೋಡಿ ಆರಿಸಿಕೊಂಡಳು, ಕೊನೆಯ ಬೆಂಚಿನವನು ಇನ್ನೊಂದು. ಇಬ್ಬರಿಗೂ ಒಂದೇ ಉತ್ತರ ಯಾಕೆ ಬರಬೇಕು?

ಉತ್ತರ ಹತ್ತನೆಯ ತರಗತಿಯ ರೇಖಾಗಣಿತದಲ್ಲೇ ಇದೆ. ಗೆರೆಯ ಮೇಲಿನ ಎರಡು ಬಿಂದುಗಳಲ್ಲಿ ಒಂದರಿಂದ ಅಡ್ಡಕ್ಕೆ, ಇನ್ನೊಂದರಿಂದ ನೆಟ್ಟಗೆ ಗೆರೆ ಎಳೆದರೆ ಲಂಬಕೋನ ತ್ರಿಭುಜವಾಗುತ್ತದೆ. ಬೇರೆ ಎರಡು ಬಿಂದು ತೆಗೆದುಕೊಂಡರೆ ಇನ್ನೊಂದು ತ್ರಿಭುಜ, ಚಿಕ್ಕದೋ ದೊಡ್ಡದೋ. ಎರಡರ ಕೋನಗಳೂ ಸಮ, ಹಾಗಾಗಿ ಅವು ಸಮರೂಪ, ಹಾಗಾಗಿ ನೆಟ್ಟನೆಯ ಬಾಹುವಿಗೂ ಅಡ್ಡ ಬಾಹುವಿಗೂ ಇರುವ ಅನುಪಾತ ಎರಡರಲ್ಲೂ ಒಂದೇ. ಒಂದು ಗೆರೆಗೆ ಒಂದೇ ಇಳಿಜಾರು ಎಂಬುದು ಒಪ್ಪಿಕೊಂಡು ಬಿಡಬೇಕಾದ ಮಾತಲ್ಲ, ಸಾಧಿಸಿ ತೋರಿಸಬಹುದಾದ ಸತ್ಯ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಣಿತಜ್ಞ ಹಂಗ್-ಶಿ ವೂ ಇದನ್ನು ಶಾಲೆಯಲ್ಲೇ ಸಾಧಿಸಿ ತೋರಿಸಬೇಕು ಎಂದು ಒತ್ತಿ ಹೇಳುತ್ತ ಬಂದವರು. ಅಮೆರಿಕದ 2010ರ ಕಾಮನ್ ಕೋರ್ ಮಾನದಂಡಗಳು ಎಂಟನೆಯ ತರಗತಿಗೇ ಇದನ್ನು ಇಟ್ಟಿವೆ. ನಮ್ಮಲ್ಲಿ ಸಮರೂಪ ತ್ರಿಭುಜಗಳು ಹತ್ತರಲ್ಲಿ, ಇಳಿಜಾರು ಅದರ ಮರುವರ್ಷ. ನಡುವೆ ಇರುವುದು ಒಂದು ಬೇಸಿಗೆ ರಜೆ. ಆದರೂ ಒಂದನ್ನು ಇನ್ನೊಂದಕ್ಕೆ ಜೋಡಿಸಿ ತೋರಿಸುವ ತರಗತಿಗಳು ಕಡಿಮೆ. ಹತ್ತು ನಿಮಿಷದ ಕೆಲಸ ಅದು.

ಸೂತ್ರದ ಜೊತೆಗೇ ಅಂಟಿಕೊಂಡು ಬರುವ ಇನ್ನೊಂದು ಭಯ: "ದೊಡ್ಡ ಬಿಂದುವನ್ನೇ ಮೊದಲು ಬರೆಯಬೇಕು." ಬೇಕಿಲ್ಲ. (2, 3) ಮತ್ತು (6, 11) ತೆಗೆದುಕೊಳ್ಳಿ. 11ರಿಂದ 3 ಕಳೆದರೆ 8, 6ರಿಂದ 2 ಕಳೆದರೆ 4, ಇಳಿಜಾರು 2. ತಿರುಗಿಸಿ ಮಾಡಿದರೆ −8 ಮತ್ತು −4, ಆಗಲೂ 2. ಮೇಲೆ ಯಾವ ಬಿಂದುವಿನಿಂದ ಶುರು ಮಾಡಿದೆವೋ ಕೆಳಗೂ ಅದರಿಂದಲೇ ಶುರು ಮಾಡಬೇಕು, ಅಷ್ಟೇ ನಿಯಮ. ಮೇಲೆ ಒಂದು ಕ್ರಮ, ಕೆಳಗೆ ಇನ್ನೊಂದು ಕ್ರಮ ಹಿಡಿದಾಗಲೇ −2 ಎಂಬ ತಪ್ಪು ಉತ್ತರ ಬರುವುದು. ಬಿಂದುಗಳನ್ನು ಒಮ್ಮೆ ಹಾಳೆಯ ಮೇಲೆ ಇಟ್ಟು ನೋಡುವ ಅಭ್ಯಾಸವಿದ್ದರೆ, ಏರುವ ಗೆರೆಗೆ ಋಣ ಉತ್ತರ ಬಂದಾಗ ಮಗು ತಾನೇ ಎಚ್ಚೆತ್ತುಕೊಳ್ಳುತ್ತದೆ.

ಇನ್ನು 'ಎಂ' ಅಕ್ಷರ. ವೈ = ಎಂಎಕ್ಸ್ + ಸಿ ಎಂಬುದರಲ್ಲಿ ಎಂ ಯಾವುದೋ ಫ್ರೆಂಚ್ ಪದದಿಂದ ಬಂತು ಎಂದು ಹೇಳುವುದುಂಟು. ಆಧಾರವಿಲ್ಲ. ಫ್ರಾನ್ಸಿನ ಮಕ್ಕಳೇ ಸಾಮಾನ್ಯವಾಗಿ ಅಲ್ಲಿ 'ಎ' ಬರೆಯುತ್ತಾರೆ, ರಷ್ಯಾದವರು 'ಕೆ' ಬರೆಯುತ್ತಾರೆ. ಅಕ್ಷರ ಯಾವುದಾದರೂ ಗೆರೆ ಅದೇ.

"ಕಡಿದಾಗಿ ಕಾಣುವ ಗೆರೆಗೆ ಇಳಿಜಾರು ಜಾಸ್ತಿ"

ವೈ = 2ಎಕ್ಸ್ ಎಂಬ ಗೆರೆಯನ್ನು ಎರಡೂ ಅಕ್ಷಗಳಲ್ಲಿ 1 ಸೆಂ.ಮೀ.ಗೆ 1 ಮಾನ ಇಟ್ಟು ಬರೆದರೆ ಅದು ಸುಮಾರು 63 ಡಿಗ್ರಿ ಕೋನದಲ್ಲಿ ಏರುತ್ತದೆ. ವೈ ಅಕ್ಷದಲ್ಲಿ ಮಾತ್ರ 1 ಸೆಂ.ಮೀ.ಗೆ 10 ಮಾನ ಇಟ್ಟು ಮತ್ತೆ ಬರೆಯಿರಿ. ಈಗ ಗೆರೆ ಹೆಚ್ಚುಕಡಿಮೆ 11 ಡಿಗ್ರಿಗೆ ಮಲಗಿಬಿಡುತ್ತದೆ. ಇಳಿಜಾರು ಆಗಲೂ 2, ಈಗಲೂ 2. ಎಕ್ಸ್ ಒಂದು ಹೆಚ್ಚಿದರೆ ವೈ ಎರಡು ಹೆಚ್ಚುತ್ತದೆ ಎಂಬ ಸಂಗತಿ ನಾವು ಹಾಳೆಯನ್ನು ಹೇಗೆ ಗೆರೆಗೆರೆ ಮಾಡಿಕೊಂಡೆವು ಎಂಬುದರಿಂದ ಬದಲಾಗುವುದಿಲ್ಲ.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲ. ಬೆಲೆ ಏರಿಕೆಯನ್ನು ಬೆಟ್ಟದಂತೆ ತೋರಿಸಬೇಕೆಂದವರು ವೈ ಅಕ್ಷವನ್ನು ಹಿಗ್ಗಿಸುತ್ತಾರೆ, ಬಯಲಂತೆ ತೋರಿಸಬೇಕೆಂದವರು ಕುಗ್ಗಿಸುತ್ತಾರೆ. ಅಂಕಿ ಎರಡರಲ್ಲೂ ನಿಜವೇ. ಒಂದೇ ಸಮೀಕರಣವನ್ನು ತರಗತಿಯ ನಾಲ್ಕು ಗುಂಪುಗಳಿಗೆ ನಾಲ್ಕು ಪ್ರಮಾಣದಲ್ಲಿ ಬರೆಯಲು ಕೊಟ್ಟು, ನಾಲ್ಕೂ ಹಾಳೆಗಳನ್ನು ಗೋಡೆಗೆ ಅಂಟಿಸಿ, "ಇವು ಬೇರೆಬೇರೆ ಗೆರೆಗಳೋ ಒಂದೇ ಗೆರೆಯೋ?" ಎಂದು ವಾದಕ್ಕೆ ಬಿಡಬೇಕು. ಪ್ರಮಾಣವನ್ನು ಮೂಲೆಯಲ್ಲಿ ಯಾಕೆ ಬರೆಯುತ್ತೇವೆ ಎಂಬುದು ಆ ಹೊತ್ತಿಗೆ ತಿಳಿಯುತ್ತದೆ. ಲಂಬ ಗೆರೆಗಳ ಪಾಠಕ್ಕೂ ಇದು ಬೇಕು: ಇಳಿಜಾರುಗಳ ಗುಣಲಬ್ಧ −1 ಆದರೂ ಎರಡು ಅಕ್ಷಗಳ ಪ್ರಮಾಣ ಬೇರೆ ಇದ್ದರೆ ಹಾಳೆಯ ಮೇಲೆ ಆ ಗೆರೆಗಳು 90 ಡಿಗ್ರಿಗೆ ಸೇರುವುದಿಲ್ಲ.

"ಇಳಿಜಾರು ಎಂದರೆ ಕೋನ, ಕೋನ ದುಪ್ಪಟ್ಟಾದರೆ ಇಳಿಜಾರೂ ದುಪ್ಪಟ್ಟು"

ಇಳಿಜಾರಿಗೂ ಕೋನಕ್ಕೂ ಸಂಬಂಧವಿದೆ, ಆದರೆ ಎರಡೂ ಒಂದಲ್ಲ. ಎರಡೂ ಅಕ್ಷಗಳ ಪ್ರಮಾಣ ಒಂದೇ ಇದ್ದಾಗ ಇಳಿಜಾರು 1 ಅಂದರೆ 45 ಡಿಗ್ರಿ. ಇಳಿಜಾರು 2 ಆದಾಗ 90 ಆಗುವುದಿಲ್ಲ, 63.4 ಆಗುತ್ತದೆ. 4 ಆದಾಗ 76. ಇಳಿಜಾರು ಎಷ್ಟೇ ಬೆಳೆಯಲಿ, ಕೋನ 90ರ ಹತ್ತಿರ ಹೋಗುತ್ತದೆಯೇ ಹೊರತು ಮುಟ್ಟುವುದಿಲ್ಲ. ರಸ್ತೆಯ ಏರನ್ನು ಶೇಕಡಾದಲ್ಲಿ ಹೇಳುವಾಗ 'ಶೇ. 100' ಎಂದರೆ ಗೋಡೆಯಂತೆ ನೆಟ್ಟಗೆ ಎಂದು ದೊಡ್ಡವರೂ ಅಂದುಕೊಂಡಿರುತ್ತಾರೆ. ಶೇ. 100 ಎಂದರೆ 45 ಡಿಗ್ರಿ, ನೂರು ಅಡಿ ಮುಂದಕ್ಕೆ ಹೋದರೆ ನೂರು ಅಡಿ ಮೇಲಕ್ಕೆ.

ಇಲ್ಲಿ ನಮ್ಮ ಪಶ್ಚಿಮಘಟ್ಟದ ರೈಲು ಹಳಿಗಳಿಗಿಂತ ಒಳ್ಳೆಯ ಪಾಠ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಎತ್ತರ. ಇಳಿಜಾರು 0.02, ಕೋನ ಒಂದೂಕಾಲು ಡಿಗ್ರಿಗೂ ಕಡಿಮೆ. 25 ಸೆಂ.ಮೀ. ಅಗಲದ ಹಾಳೆಯ ಮೇಲೆ ಆ ಗೆರೆಯನ್ನು ಸಮ ಪ್ರಮಾಣದಲ್ಲಿ ಎಳೆದರೆ ಈ ತುದಿಯಿಂದ ಆ ತುದಿಗೆ ಅರ್ಧ ಸೆಂಟಿಮೀಟರ್ ಏರುತ್ತದೆ. ಮಗು ಅದನ್ನು 'ಮಟ್ಟವಾಗಿದೆ' ಎಂದೇ ಹೇಳುತ್ತದೆ. ಆದರೆ ಅಷ್ಟು ಏರಿಗೇ ರೈಲಿಗೆ ಹೆಚ್ಚುವರಿ ಎಂಜಿನ್ ಕಟ್ಟಬೇಕಾಗುತ್ತದೆ. ಕ್ಯಾಸಲ್‌ರಾಕ್–ಕುಳೆ ಘಟ್ಟದಲ್ಲಿ ಇದು ಇನ್ನೂ ಕಡಿದು, 37ಕ್ಕೆ 1. ಊಟಿಗೆ ಹೋಗುವ ನೀಲಗಿರಿ ರೈಲಿಗೆ 12.28ಕ್ಕೆ 1, ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರದಂತೆ ಅಲ್ಲಿ ನಡುವೆ ಹಲ್ಲಿನ ಹಳಿ ಹಾಕಿದ್ದಾರೆ.

ಈಗ ಶಾಲೆಯ ಬಾಗಿಲಿಗೆ ಬನ್ನಿ. ಗಾಲಿಕುರ್ಚಿಗೆಂದು ಕಟ್ಟುವ ರ‍್ಯಾಂಪ್‌ಗೆ ಮಾನದಂಡ ಒಪ್ಪುವ ಗರಿಷ್ಠ ಏರು 12ಕ್ಕೆ 1. ಊಟಿ ರೈಲಿನ ಹಲ್ಲು ಹಳಿಯ ಏರಿಗಿಂತ ಒಂದು ಕೂದಲೆಳೆ ಹೆಚ್ಚು! ಟೇಪ್ ತೆಗೆದುಕೊಂಡು ಮಕ್ಕಳಿಂದಲೇ ಅಳೆಸಿ. ಜಗಲಿಯ ಎತ್ತರ 45 ಸೆಂ.ಮೀ. ಇದ್ದರೆ ರ‍್ಯಾಂಪ್ 540 ಸೆಂ.ಮೀ. ಉದ್ದಕ್ಕೆ ಚಾಚಬೇಕು. ಜಾಗವಿಲ್ಲವೆಂದು 3 ಮೀಟರಿಗೇ ಮುಗಿಸಿದ್ದರೆ ಇಳಿಜಾರು 0.15, ಇರಬೇಕಾದ್ದಕ್ಕೆ ಹತ್ತಿರಹತ್ತಿರ ದುಪ್ಪಟ್ಟು. ಕಣ್ಣಿಗೆ ಎರಡೂ ರ‍್ಯಾಂಪ್‌ಗಳೇ. ಗಾಲಿಕುರ್ಚಿಯಲ್ಲಿ ಕೂತು ತನ್ನ ತೋಳಬಲದಿಂದ ಹತ್ತಬೇಕಾದ ಮಗುವಿಗೆ ಮಾತ್ರ ವ್ಯತ್ಯಾಸ ಗೊತ್ತು. ಒಂದು ತರಗತಿ ಈ ಲೆಕ್ಕ ಮಾಡಿ ಮುಖ್ಯೋಪಾಧ್ಯಾಯರ ಮುಂದೆ ಇಟ್ಟರೆ, ಬೀಜಗಣಿತ ಯಾವ ಕೆಲಸಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಆ ಮಕ್ಕಳು ಮತ್ತೆ ಕೇಳುವುದಿಲ್ಲ.

"ಮೇಲಿರುವ ಗೆರೆಯೇ ವೇಗದ ಗೆರೆ"

ಮೊದಲಿಗೆ ಕಂಡ ಹುಡುಗಿಯ ಉತ್ತರ ಇದೇ. ಇದು ಒಬ್ಬಳ ತಪ್ಪಲ್ಲ. ನಕ್ಷೆಗಳನ್ನು ಕಲಿಸುವ ಎಲ್ಲ ದೇಶಗಳ ಶಿಕ್ಷಕರೂ ಕಂಡಿರುವ ತಪ್ಪು. ಒಂದು ಬಸ್ಸು ಊರಿಂದ ಹೊರಟು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಇನ್ನೊಂದು ಬಸ್ಸು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ 20 ಕಿ.ಮೀ. ಮುಂದಿನಿಂದ ಹೊರಟು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಊರಿನಿಂದ ಇರುವ ದೂರವನ್ನು ವೈ ಅಕ್ಷದಲ್ಲಿ, ಹೊತ್ತನ್ನು ಎಕ್ಸ್ ಅಕ್ಷದಲ್ಲಿ ಬರೆಯಿರಿ. ಅರ್ಧ ಗಂಟೆಯ ಹೊತ್ತಿಗೆ ಮೊದಲನೆಯದು 25ರಲ್ಲಿ, ಎರಡನೆಯದು 35ರಲ್ಲಿ. ಯಾವ ಬಸ್ಸಿನ ವೇಗ ಹೆಚ್ಚು ಎಂದು ಆ ಬಿಂದುವಿನ ಬಳಿ ಬೆರಳಿಟ್ಟು ಕೇಳಿದರೆ ಬಹಳ ಕೈಗಳು ಎರಡನೆಯದಕ್ಕೆ ಏಳುತ್ತವೆ, ಯಾಕೆಂದರೆ ಅದರ ಗೆರೆ ಮೇಲಿದೆ.

ಒಂದು ಗಂಟೆಗೆ ಗೆರೆಗಳು ಕೂಡುತ್ತವೆ. ಎರಡೂ ಬಸ್ಸು 50ನೆಯ ಕಿಲೋಮೀಟರಿನಲ್ಲಿ. "ಈಗ ವೇಗ?" ಎಂದರೆ "ಸಮ" ಎಂಬ ಉತ್ತರ. ಜಾಗ ಸಮವಾಗಿದೆ, ವೇಗ ಅಲ್ಲ. ಹಿಂದಿನಿಂದ ಬಂದ ಬಸ್ಸು ಮುಂದಿನದನ್ನು ದಾಟುತ್ತಿರುವ ಗಳಿಗೆ ಅದು. ದಾಟುವುದಕ್ಕೆ ವೇಗ ಹೆಚ್ಚಿರಲೇಬೇಕಲ್ಲ ಎಂದು ಬಸ್ಸಿನೊಳಗೆ ಕೂತ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೆರೆಯ ಎತ್ತರ 'ಎಲ್ಲಿದೆ' ಎಂಬುದನ್ನು ಹೇಳುತ್ತದೆ, ಇಳಿಜಾರು 'ಹೇಗೆ ಸಾಗುತ್ತಿದೆ' ಎಂಬುದನ್ನು ಹೇಳುತ್ತದೆ. ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ, ಪದೇಪದೇ, ಒಂದೇ ನಕ್ಷೆಯ ಮೇಲೆ ಕೇಳಬೇಕು.

ಇದರ ಅವಳಿ ತಪ್ಪು ನಕ್ಷೆಯನ್ನು ಚಿತ್ರವಾಗಿ ನೋಡುವುದು. ದೂರ–ಕಾಲ ನಕ್ಷೆಯ ಗೆರೆ ಏರಿ, ಮಟ್ಟವಾಗಿ, ಇಳಿದರೆ ಬಸ್ಸು ಘಟ್ಟ ಹತ್ತಿ, ಬಯಲಲ್ಲಿ ಹೋಗಿ, ಘಟ್ಟ ಇಳಿಯಿತು ಎಂದು ಮಕ್ಕಳು ಓದುತ್ತಾರೆ. ನಿಜವಾಗಿ ಅದು ಹೋಯಿತು, ನಿಂತಿತು, ವಾಪಸು ಬಂತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಶೆಲ್ ಸೆಂಟರ್‌ನಲ್ಲಿ ಮಾಲ್ಕಮ್ ಸ್ವಾನ್ 1985ರಲ್ಲಿ ತಂದ ಪಾಠಸಾಮಗ್ರಿಯಲ್ಲಿ ಸಮೀಕರಣವೇ ಇಲ್ಲದ ನಕ್ಷೆಗಳನ್ನು ಕೊಟ್ಟು ಕಥೆ ಹೇಳಿಸುವ, ಕಥೆ ಕೊಟ್ಟು ನಕ್ಷೆ ಬರೆಸುವ ಚಟುವಟಿಕೆಗಳಿವೆ. ನಾಲ್ಕು ದಶಕ ಕಳೆದರೂ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

"ರೇಖಾತ್ಮಕ ಎಂದರೆ ಒಂದು ದುಪ್ಪಟ್ಟಾದರೆ ಇನ್ನೊಂದೂ ದುಪ್ಪಟ್ಟು"

ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಹಲವು ವರ್ಷ ಇದ್ದ ಒಂದು ಲೆಕ್ಕ: ಒಂದು ನಗರದಲ್ಲಿ ಟ್ಯಾಕ್ಸಿಗೆ ಮೊದಲ ಕಿಲೋಮೀಟರಿಗೆ 8 ರೂಪಾಯಿ, ಆಮೇಲೆ ಕಿಲೋಮೀಟರಿಗೆ 5 ರೂಪಾಯಿ. ಬಿಡಿಸಿದರೆ ವೈ = 5ಎಕ್ಸ್ + 3. ಎರಡು ಕಿಲೋಮೀಟರಿಗೆ 13 ರೂಪಾಯಿ, ನಾಲ್ಕಕ್ಕೆ 23. ದೂರ ದುಪ್ಪಟ್ಟಾಯಿತು, ಬಾಡಿಗೆ 26 ಆಗಲಿಲ್ಲ. ಗೆರೆ ನೇರವಾಗಿದ್ದರೂ ಮೂಲಬಿಂದುವಿನ ಮೂಲಕ ಹಾಯದಿದ್ದರೆ ನೇರ ಅನುಪಾತ ಇರುವುದಿಲ್ಲ. ದೂರದ ಹೆಚ್ಚಳಕ್ಕೆ ನೇರ ಅನುಪಾತದಲ್ಲಿರುವುದು ಇಡೀ ಬಾಡಿಗೆಯಲ್ಲ, ಬಾಡಿಗೆಯ ಹೆಚ್ಚಳ.

ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಚುರುಕಾದ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ: "ಸರ್, ಹತ್ತದೆ ಇದ್ದರೂ 3 ರೂಪಾಯಿ ಕೊಡಬೇಕಾ?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆ 3 ರೂಪಾಯಿಯನ್ನು ಯಾರೂ ಎಂದೂ ಕೊಡುವುದಿಲ್ಲ. ಈ ಗೆರೆ ನಿಜವಾಗಿ ಶುರುವಾಗುವುದೇ ಒಂದನೆಯ ಕಿಲೋಮೀಟರಿನಿಂದ. ಅದನ್ನು ಹಿಂದಕ್ಕೆ ಎಳೆದಾಗ ವೈ ಅಕ್ಷವನ್ನು 3ರಲ್ಲಿ ಕತ್ತರಿಸುತ್ತದೆ ಎಂಬುದು ಲೆಕ್ಕದ ಅನುಕೂಲ. ಸಮೀಕರಣ ಎಲ್ಲಿಂದ ಎಲ್ಲಿಯವರೆಗೆ ನಿಜ ಎಂದು ಕೇಳುವುದನ್ನು ನಾವು ಕಲಿಸುವುದೇ ಇಲ್ಲ. ಆ ಹುಡುಗ ತಾನಾಗಿ ಕೇಳಿದ್ದಾನೆ.

ಇದರ ಪಕ್ಕಕ್ಕೆ ಬೆಂಗಳೂರಿನ ಆಟೊ ಮೀಟರನ್ನು ಇಡಿ. 2025ರ ಆಗಸ್ಟ್ 1ರಿಂದ ಜಾರಿಯಾದ ದರ: ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಕನಿಷ್ಠ ದರ ಇದೆಯಲ್ಲ, ಹಾಗಾದರೆ ಇಲ್ಲೂ ಒಂದು '+ ಸಿ' ಇರಬೇಕು ಎಂದು ಅನಿಸುತ್ತದೆ. ಕೋಷ್ಟಕ ಬರೆಯಿರಿ: 2ಕ್ಕೆ 36, 3ಕ್ಕೆ 54, 4ಕ್ಕೆ 72, 6ಕ್ಕೆ 108. ಎಲ್ಲವೂ ದೂರದ ಹದಿನೆಂಟರಷ್ಟು! 36 ಎಂಬುದು 18ರ ಸರಿಯಾಗಿ ಎರಡರಷ್ಟು ಆಗಿರುವುದರಿಂದ ಗೆರೆಯನ್ನು ಹಿಂದಕ್ಕೆ ಎಳೆದರೆ ಮೂಲಬಿಂದುವಿಗೇ ಬಂದು ಸೇರುತ್ತದೆ. ಅದಕ್ಕೆ ಮುಂಚಿನ ದರದಲ್ಲೂ, 30 ಮತ್ತು 15, ಇದೇ ಕಥೆ. ಎರಡು ಕಿಲೋಮೀಟರ್ ಒಳಗೆ ಮಾತ್ರ ನಕ್ಷೆ 36ರಲ್ಲಿ ಮಟ್ಟವಾಗಿ ಮಲಗಿರುತ್ತದೆ, ಅಲ್ಲಿ ಇಳಿಜಾರು ಸೊನ್ನೆ. ರಾತ್ರಿ ಒಂದೂವರೆ ಪಟ್ಟು ದರವಾದಾಗ ಇಳಿಜಾರು 27. ದಿನವೂ ಆಟೊ ಹತ್ತುವ ಮಗುವಿಗೆ ಇದಕ್ಕಿಂತ ಹತ್ತಿರದ ನಕ್ಷೆ ಎಲ್ಲಿ ಸಿಗುತ್ತದೆ?

ದುಪ್ಪಟ್ಟಿನ ಭ್ರಮೆ ಉಷ್ಣತೆಯಲ್ಲಿ ಇನ್ನೂ ಗಟ್ಟಿ. 40 ಡಿಗ್ರಿ ಸೆಲ್ಸಿಯಸ್ ಎಂದರೆ 20ರ ಎರಡರಷ್ಟು ಬಿಸಿ ಅನ್ನಿಸುತ್ತದೆ. ಫ್ಯಾರನ್‌ಹೀಟ್‌ಗೆ ತಿರುಗಿಸಿ: ಸೆಲ್ಸಿಯಸ್ ಅನ್ನು 1.8ರಿಂದ ಗುಣಿಸಿ 32 ಕೂಡಿಸಬೇಕು. 20 ಆದದ್ದು 68, 40 ಆದದ್ದು 104. ಎರಡರಷ್ಟು ಎಲ್ಲಿ ಹೋಯಿತು? 32 ಅದನ್ನು ನುಂಗಿತು. ಈಗ ಇನ್ನೂ ಸೂಕ್ಷ್ಮವಾದದ್ದು. 2015ರ ಪ್ಯಾರಿಸ್ ಒಪ್ಪಂದ ಭೂಮಿಯ ಸರಾಸರಿ ಉಷ್ಣತೆಯ ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ಗೆ ತಡೆಯಲು ಯತ್ನಿಸಬೇಕು ಎನ್ನುತ್ತದೆ. ಆ ಏರಿಕೆ ಫ್ಯಾರನ್‌ಹೀಟ್‌ನಲ್ಲಿ ಎಷ್ಟು? ಸೂತ್ರಕ್ಕೆ ಹಾಕಿದವರು 34.7 ಎನ್ನುತ್ತಾರೆ, ಹಾಗಾದರೆ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಸರಿಯುತ್ತರ 2.7. ಏರಿಕೆ ಎಂಬುದು ಎರಡು ಉಷ್ಣತೆಗಳ ವ್ಯತ್ಯಾಸ; ವ್ಯತ್ಯಾಸ ತೆಗೆಯುವಾಗ ಎರಡೂ ಕಡೆಯ 32 ಹೊಡೆದುಹೋಗಿ 1.8 ಒಂದೇ ಉಳಿಯುತ್ತದೆ. ಇಳಿಜಾರು ಮತ್ತು ಸ್ಥಿರಾಂಕ ಮಾಡುವ ಬೇರೆಬೇರೆ ಕೆಲಸಗಳನ್ನು ಈ ಒಂದು ಲೆಕ್ಕ ತೋರಿಸುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸದು.

"ಸೊನ್ನೆ ಇಳಿಜಾರು, ಇಳಿಜಾರೇ ಇಲ್ಲದ್ದು: ಎರಡೂ ಒಂದೇ"

ವೈ = 4 ಎಂಬ ಅಡ್ಡಗೆರೆಗೆ ಇಳಿಜಾರು ಇದೆ, ಅದು ಸೊನ್ನೆ. ಸೊನ್ನೆ ಒಂದು ಸಂಖ್ಯೆ. ಗಾರೆಯವರು ಬಚ್ಚಲ ನೆಲಕ್ಕೆ ವಾಟ ಕೊಡದೆ ಹೋದರೆ ಆ ಸೊನ್ನೆಯ ಪರಿಣಾಮ ಮನೆಯವರಿಗೆಲ್ಲ ಗೊತ್ತಾಗುತ್ತದೆ, ನೀರು ನಿಂತಲ್ಲೇ ನಿಲ್ಲುತ್ತದೆ. ಎಕ್ಸ್ = 3 ಎಂಬ ನೆಟ್ಟನೆಯ ಗೆರೆಯ ಸಂಗತಿ ಬೇರೆ. (3, 1) ಮತ್ತು (3, 5) ತೆಗೆದುಕೊಂಡರೆ ಮೇಲೆ 4, ಕೆಳಗೆ ಸೊನ್ನೆ. ಭಾಗಾಕಾರ ಸಾಧ್ಯವಿಲ್ಲ. ಅಲ್ಲಿ 'ಎಕ್ಸ್ ಒಂದು ಹೆಚ್ಚಿದರೆ' ಎಂಬ ಪ್ರಶ್ನೆಗೇ ಜಾಗವಿಲ್ಲ, ಯಾಕೆಂದರೆ ಎಕ್ಸ್ ಕದಲುವುದೇ ಇಲ್ಲ. ಆದರೂ ಅದು ರೇಖಾತ್ಮಕ ಸಮೀಕರಣವೇ. ವೈ = ಎಂಎಕ್ಸ್ + ಸಿ ಎಂಬ ಅಚ್ಚಿಗೆ ಬೀಳದ್ದು ರೇಖಾತ್ಮಕವಲ್ಲ ಎಂದು ತಿಳಿಯಬಾರದು.

ಋಣ ಇಳಿಜಾರು ಎಂದರೆ ಗೆರೆ ಅಕ್ಷದ ಕೆಳಗೆ ಇದೆ ಎಂದಲ್ಲ, ಎಡದಿಂದ ಬಲಕ್ಕೆ ಇಳಿಯುತ್ತಿದೆ ಎಂದು. ವಿಮಾನಯಾನದಲ್ಲಿ ಬಳಸುವ ಪ್ರಮಾಣಿತ ವಾಯುಮಂಡಲದ ಲೆಕ್ಕದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ. ಒಂದೊಂದು ಕಿಲೋಮೀಟರ್ ಮೇಲೆ ಹೋದಂತೆ 6.5 ಡಿಗ್ರಿ ಇಳಿಯುತ್ತದೆ. ಇಳಿಜಾರು −6.5. ಅದಕ್ಕೊಂದು ಮಾನವೂ ಇದೆ, ಕಿಲೋಮೀಟರಿಗೆ ಇಷ್ಟು ಡಿಗ್ರಿ. ಇಳಿಜಾರು ಬರೀ ಸಂಖ್ಯೆ ಎಂದುಕೊಂಡವರಿಗೆ ಈ ಮಾನ ಕಾಣುವುದಿಲ್ಲ. 11 ಕಿ.ಮೀ. ಎತ್ತರದಲ್ಲಿ ಉಷ್ಣತೆ −56.5ಕ್ಕೆ ತಲುಪಿ, ಅಲ್ಲಿಂದ 20 ಕಿ.ಮೀ.ವರೆಗೆ ಹಾಗೇ ಉಳಿಯುತ್ತದೆ.

"ಕೋಷ್ಟಕದಲ್ಲಿ ಬರೆದ ಮೂರೇ ಉತ್ತರಗಳು"

2ಎಕ್ಸ್ + ವೈ = 7ಕ್ಕೆ (0, 7), (1, 5), (2, 3) ಎಂದು ಮೂರು ಬಿಂದು ಇಟ್ಟು ಗೆರೆ ಎಳೆದ ಮಗುವಿಗೆ ಗೆರೆ ಎಂಬುದು ಬಿಂದುಗಳನ್ನು ಸೇರಿಸುವ ದಾರ ಮಾತ್ರ. (2.5, 2) ಇದರ ಮೇಲಿದೆಯೇ ಎಂದು ಕೇಳಿ. ಹಾಳೆ ನೋಡದೆ, ಸಮೀಕರಣಕ್ಕೆ ಹಾಕಿ: 5 + 2 = 7. ಇದೆ. (100, −193)? ಹಾಳೆಯಿಂದ ಎಷ್ಟೋ ಆಚೆ, ಆದರೂ ಇದೆ. (3, 2)? 8 ಬಂತು, ಇಲ್ಲ. ಗೆರೆಯ ಮೇಲಿನ ಪ್ರತಿ ಬಿಂದುವೂ ಉತ್ತರ, ಗೆರೆಯಾಚೆಯ ಒಂದೂ ಉತ್ತರವಲ್ಲ. ಈ ಎರಡು ಅರ್ಧಗಳೂ ಸೇರಿದಾಗಲೇ ಸಮೀಕರಣವೂ ಗೆರೆಯೂ ಒಂದೇ ಆಗುವುದು.

ದೊಡ್ಡವರಾದ ನಮಗೆ ಇದು ಸಲೀಸು ಎನಿಸಿದರೆ ಇತಿಹಾಸ ನೋಡಬೇಕು. ಹಾಸಿಗೆಯಲ್ಲಿ ಮಲಗಿದ್ದ ರೆನೆ ದೆಕಾರ್ತ್ ಚಾವಣಿಯ ಮೇಲೆ ಹರಿದಾಡುವ ನೊಣ ನೋಡಿ ನಿರ್ದೇಶಾಂಕಗಳನ್ನು ಕಂಡುಹಿಡಿದ ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಅವನ ಬರಹದಲ್ಲಿ ಅದಕ್ಕೆ ಆಧಾರವಿಲ್ಲ. 1637ರ ಅವನ ರೇಖಾಗಣಿತ ಗ್ರಂಥದಲ್ಲಿ ನಾವಿಂದು ಬರೆಯುವಂಥ ಎರಡು ಲಂಬ ಅಕ್ಷಗಳೂ ಇಲ್ಲ, ಋಣ ನಿರ್ದೇಶಾಂಕಗಳೂ ಇಲ್ಲ. ಎರಡು ಅವ್ಯಕ್ತಗಳ ಮೊದಲ ಘಾತದ ಸಮೀಕರಣ ಸರಳರೇಖೆಯನ್ನೇ ಕೊಡುತ್ತದೆ ಎಂದು ಅದೇ ಕಾಲಕ್ಕೆ ಸ್ಪಷ್ಟವಾಗಿ ಬರೆದವನು ಪಿಯರ್ ಫರ್ಮಾ. ಆ ಬರಹ ಅಚ್ಚಾದದ್ದು 1679ರಲ್ಲಿ, ಅವನು ತೀರಿಕೊಂಡು 14 ವರ್ಷದ ಮೇಲೆ. ಸಮೀಕರಣಗಳನ್ನು ಬಿಡಿಸುವುದು ಅದಕ್ಕೆ ಎಷ್ಟೋ ಶತಮಾನ ಮೊದಲೇ ಗೊತ್ತಿತ್ತು. ಅವನ್ನು ಗೆರೆಯಾಗಿ ಕಾಣಲು ಮನುಷ್ಯನಿಗೆ ಅಷ್ಟು ಕಾಲ ಹಿಡಿಯಿತು. ಹದಿನಾಲ್ಕು ವರ್ಷದ ಮಗುವಿಗೆ ಎರಡು ಪೀರಿಯಡ್ ಸಾಲದು ಎಂದರೆ ಅದು ದಡ್ಡತನವಲ್ಲ.

"ನಕ್ಷೆಯಿಂದ ಓದಿದ ಉತ್ತರವೇ ಖಚಿತ"

ಹತ್ತನೆಯ ತರಗತಿಯಲ್ಲಿ ಎರಡು ಸಮೀಕರಣಗಳ ಸಹಗುಣಕಗಳ ಅನುಪಾತ ಹೋಲಿಸಿ, ಗೆರೆಗಳು ಛೇದಿಸುತ್ತವೆಯೋ, ಸಮಾಂತರವೋ, ಒಂದರ ಮೇಲೊಂದು ಕೂರುತ್ತವೆಯೋ ಎಂದು ಹೇಳುವ ಕೋಷ್ಟಕವೊಂದನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಬೇರೇನೂ ಅಲ್ಲ, ಹೆಸರು ಹೇಳದೆ ಮಾಡಿದ ಇಳಿಜಾರುಗಳ ಹೋಲಿಕೆ. 3ಎಕ್ಸ್ + ವೈ = 5 ಮತ್ತು 6ಎಕ್ಸ್ + 2ವೈ = 4: ಎರಡರಲ್ಲೂ ಎಕ್ಸ್ ಒಂದು ಹೆಚ್ಚಿದರೆ ವೈ ಮೂರು ಇಳಿಯುತ್ತದೆ, ಆದರೆ ಒಂದು 5ರಿಂದ ಶುರುವಾಗುತ್ತದೆ, ಇನ್ನೊಂದು 2ರಿಂದ. ಕೂಡುವುದು ಹೇಗೆ ಸಾಧ್ಯ? ಹೀಗೆ ತಿಳಿದ ಮಗುವಿಗೆ ಕೋಷ್ಟಕ ಬೇಕಿಲ್ಲ.

ಹಾಳೆಯ ಮೇಲೆ ಕೂಡದ ಗೆರೆಗಳೆಲ್ಲ ಸಮಾಂತರವೂ ಅಲ್ಲ. ವೈ = 2ಎಕ್ಸ್ + 1 ಮತ್ತು ವೈ = 2.1ಎಕ್ಸ್ ಮೊದಲ ನಾಲ್ಕೈದು ಮಾನಗಳಲ್ಲಿ ಅಣ್ಣತಮ್ಮಂದಿರಂತೆ ಜೊತೆಯಾಗಿ ಹೋಗುತ್ತವೆ. ಶುರುವಿನಲ್ಲಿ ನಡುವಿನ ಅಂತರ 1. ಪ್ರತಿ ಹೆಜ್ಜೆಗೂ ಅಂತರ 0.1 ಕಡಿಮೆಯಾಗುತ್ತದೆ, ಹತ್ತು ಹೆಜ್ಜೆಗೆ ಕೂಡಲೇಬೇಕು, (10, 21)ರಲ್ಲಿ. ಬಸ್ಸುಗಳದ್ದೂ ಇದೇ ಲೆಕ್ಕ: 20 ಕಿ.ಮೀ. ಅಂತರ, ಗಂಟೆಗೆ 20 ಕಿ.ಮೀ. ವೇಗವ್ಯತ್ಯಾಸ, ಒಂದು ಗಂಟೆ.

ನಮ್ಮ ನಾಡಿನದೇ ಒಂದು ಜೋಡಿ ಸಮೀಕರಣವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬರುವ ಲೆಕ್ಕ: 9 ಮಾದಳದ ಹಣ್ಣಿಗೂ 7 ಬೇಲದ ಹಣ್ಣಿಗೂ ಸೇರಿ ಬೆಲೆ 107, 7 ಮಾದಳಕ್ಕೂ 9 ಬೇಲಕ್ಕೂ ಸೇರಿ 101. ಒಂದೊಂದರ ಬೆಲೆ ಎಷ್ಟು? ಎರಡನ್ನೂ ಕೂಡಿಸಿದರೆ ಬೆಲೆಗಳ ಮೊತ್ತ 13, ಕಳೆದರೆ ವ್ಯತ್ಯಾಸ 3. ಮಾದಳ 8, ಬೇಲ 5. ಕಾಲು ನಿಮಿಷದ ಕೆಲಸ.

ಇದನ್ನೇ ಗ್ರಾಫ್ ಹಾಳೆಯ ಮೇಲೆ ಮಾಡಿಸಿ ನೋಡಿ. ಮೊದಲ ಗೆರೆಯ ಇಳಿಜಾರು −9/7: ಮೊತ್ತ 107 ಆಗಿಯೇ ಉಳಿಯಬೇಕಾದರೆ ಮಾದಳದ ಬೆಲೆ 7 ಏರಿದಾಗ ಬೇಲದ ಬೆಲೆ 9 ಇಳಿಯಬೇಕು. ಎರಡನೆಯದರ ಇಳಿಜಾರು −7/9. ಇಳಿಜಾರುಗಳು ಹತ್ತಿರ ಇರುವುದರಿಂದ ಎರಡು ಗೆರೆಗಳ ನಡುವಿನ ಕೋನ ಬರೀ 14 ಡಿಗ್ರಿ, ಕತ್ತರಿ ಸ್ವಲ್ಪವೇ ಬಾಯಿಬಿಟ್ಟಂತೆ. ಪೆನ್ಸಿಲಿನ ಮೊನೆ ಒಂದಿಷ್ಟು ದಪ್ಪಗಿದ್ದರೂ ಸಾಕು, ಗೆರೆಗಳು ಒಂದರ ಮೇಲೊಂದು ಹಾಯುವ ಜಾಗ ಚುಕ್ಕಿಯಾಗಿ ಉಳಿಯದೆ ಉದ್ದನೆಯ ಮಚ್ಚೆಯಾಗುತ್ತದೆ. ಒಬ್ಬಳು (7.8, 5.2) ಎಂದು ಓದುತ್ತಾಳೆ, ಇನ್ನೊಬ್ಬ (8.1, 4.9) ಎನ್ನುತ್ತಾನೆ. ಇಬ್ಬರೂ ತಮ್ಮ ಬೆಲೆಗಳನ್ನು ಎರಡೂ ಸಮೀಕರಣಗಳಿಗೆ ಹಾಕಿ ನೋಡಲಿ. 107 ಮತ್ತು 101 ಎರಡೂ ಬಂದ ಬಿಂದುವೇ ಉತ್ತರ. ಬಾರದಿದ್ದರೆ ಹಾಳೆ ಪಕ್ಕಕ್ಕಿಟ್ಟು ಕೂಡಿಸಿ, ಕಳೆಯಲಿ.